ಗೇಟಿನಿಂದ ಕೆಳಗಿನ ಹೊಳೆ

ನರಗುಂದದ ರೈತರು 2015ರಲ್ಲಿ ಮಹದಾಯಿ ನೀರಿಗಾಗಿ ಧರಣಿ ಕೂತರು. ಮಲಪ್ರಭೆಯ ಜಲಾಶಯ ತುಂಬುತ್ತಿಲ್ಲ, ಕಳಸಾ–ಬಂಡೂರಿ ಹಳ್ಳಗಳನ್ನು ಇತ್ತ ತಿರುಗಿಸಿ ಎಂಬುದು ಬೇಡಿಕೆ. 2019ರ ಆಗಸ್ಟ್‌ನಲ್ಲಿ ಅದೇ ತಾಲ್ಲೂಕಿನ ಕೊಣ್ಣೂರು ಅದೇ ಮಲಪ್ರಭೆಯಲ್ಲಿ ಮುಳುಗಿತು. ಪಟ್ಟದಕಲ್ಲಿನ ಗುಡಿಗಳಿಗೂ ನೀರು ಹೊಕ್ಕಿತು.

ಸವದತ್ತಿ ಬಳಿ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಅಣೆಕಟ್ಟೆ ಹಿಡಿಯುವುದು ಸುಮಾರು 37 ಟಿಎಂಸಿ. ಹುಬ್ಬಳ್ಳಿ–ಧಾರವಾಡದ ಕುಡಿಯುವ ನೀರಿಗೆ ಅದೇ ಆಸರೆ, ಕಾಲುವೆಗಳಿಗೂ ಅದೇ. ವರ್ಷಗಟ್ಟಲೆ ಅರೆಹೊಟ್ಟೆಯಲ್ಲೇ ಉಳಿದ ಜಲಾಶಯದಿಂದ ಜುಲೈನಲ್ಲೇ ಹೊಳೆಗೆ ನೀರು ಬಿಟ್ಟು ನೆರೆನೀರಿಗೆ ಜಾಗ ಮಾಡಿ ಎಂದರೆ ಯಾವ ಎಂಜಿನಿಯರ್ ಒಪ್ಪಿಯಾರು? ಆಮೇಲೆ ಮಳೆ ಕೈಕೊಟ್ಟರೆ ನೋಟಿಸು ಬರುವುದು ಅವರ ಹೆಸರಿಗೇ. ಹಾಗಾಗಿ ತುಂಬುವ ತನಕ ತಡೆದಿಡುವುದು, ತುಂಬಿದ ಮೇಲೆ ಬಂದಷ್ಟನ್ನೂ ಬಿಡುವುದು. ಇದನ್ನು ಬೇಜವಾಬ್ದಾರಿ ಎನ್ನಲು ನನಗೆ ಮನಸ್ಸಿಲ್ಲ. ಇದು ಅಂಜಿಕೆ, ಕಾರಣವಿರುವ ಅಂಜಿಕೆ.

ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಮಲಪ್ರಭೆಗೆ ನೀರು ತರುವ ಖಾನಾಪುರದ ಕಾಡಿನಲ್ಲಿ ಮಳೆ ಜೋರಾಗುವ ಮುನ್ಸೂಚನೆ ನಂಬಿ, ಒಳಹರಿವಿನ ಮೇಲೆ ಇಷ್ಟನ್ನು ಐದು ದಿನ ಹೆಚ್ಚಿಗೆ ಬಿಟ್ಟರೆ ಐದು ಟಿಎಂಸಿ ಜಾಗ ಸಿಗುತ್ತದೆ. ಕಡೇ ದಿನದವರೆಗೆ ಕಾದರೆ ಅದೇ ಜಾಗಕ್ಕೆ 58 ಸಾವಿರ ಕ್ಯೂಸೆಕ್ ಬಿಡಬೇಕು.

ಕಾಗದದ ಮೇಲೆ ಇದು ಸಲೀಸು. ಆದರೆ ಗೇಟು ಎಷ್ಟು ಎತ್ತಬಹುದೆಂದು ನಿಜಕ್ಕೂ ತೀರ್ಮಾನಿಸುವುದು ರಾಮದುರ್ಗದಿಂದ ಕೆಳಗಿನ ಹೊಳೆ. ಮೇಲಿಂದ ನೀರು ಬಾರದ ವರ್ಷಗಳಲ್ಲಿ ಪಾತ್ರದೊಳಕ್ಕೇ ಹೊಲ ಇಳಿದಿದೆ, ಪಂಪ್‌ಸೆಟ್ಟು ಇಳಿದಿದೆ, ಉಳಿದದ್ದನ್ನು ಜಾಲಿ ಹಿಡಿದಿದೆ. ಹೊಳೆ ಕಿರಿದಾದಷ್ಟೂ ಮುಂಚಿತವಾಗಿ, ಮೆಲ್ಲಗೆ ನೀರು ಬಿಡುವ ಅವಕಾಶವೂ ಕಿರಿದಾಗುತ್ತದೆ. ಸ್ವಲ್ಪ ಬಿಟ್ಟರೂ ಬೆಳೆ ಹೋಯಿತೆಂಬ ಕೂಗು. ಸಾಲದ್ದಕ್ಕೆ ಕೆಳಗೆ ಬೆಣ್ಣಿಹಳ್ಳ ಬಂದು ಸೇರುತ್ತದೆ. ಅದು ಯಾವ ಗೇಟಿನ ಮಾತನ್ನೂ ಕೇಳುವುದಿಲ್ಲ. ಒತ್ತುವರಿ ತೆರವು ಕಂದಾಯ ಇಲಾಖೆಯ ಕೆಲಸ, ಗೇಟು ನೀರಾವರಿಯವರದು. ಒಬ್ಬರ ಕಡತ ಇನ್ನೊಬ್ಬರ ಮೇಜಿಗೆ ಬರುವುದು ನೆರೆ ಇಳಿದ ಮೇಲೆ.

ನೆರೆಬಯಲಿನಲ್ಲಿ ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಬರೀ ಬೆಳೆ ಇರಬೇಕು ಎಂದು ವಲಯ ಗುರುತಿಸುವ ಮಾದರಿ ಮಸೂದೆಯನ್ನು ಕೇಂದ್ರ ರಾಜ್ಯಗಳಿಗೆ ಕಳಿಸಿದ್ದು 1975ರಲ್ಲಿ. ಮಣಿಪುರ, ರಾಜಸ್ಥಾನದಂಥ ಬೆರಳೆಣಿಕೆಯ ರಾಜ್ಯಗಳು ಕಾಯ್ದೆ ಮಾಡಿಕೊಂಡವು. ನಮ್ಮಲ್ಲಿ ಅದರ ಬದಲು 2009ರ ನೆರೆಯ ನಂತರ ಸಂತ್ರಸ್ತರನ್ನು ಸ್ಥಳಾಂತರಿಸಲು ‘ಆಸರೆ’ ಮನೆಗಳು ಎದ್ದವು. ಹೊಲ ಒಂದು ಕಡೆ, ಮನೆ ಇನ್ನೊಂದು ಕಡೆ. ದನ ಕಟ್ಟಲು, ಮೇವು ಒಟ್ಟಲು ಜಾಗವಿಲ್ಲ. ಹಲವರು ಹಳೇ ಊರಿಗೇ ಮರಳಿದ್ದರಲ್ಲಿ ಅಚ್ಚರಿಯೇನಿದೆ?

ಕಾಲುವೆಗೆ ಯಾವಾಗ ನೀರು ಎಂಬುದನ್ನು ನೀರಾವರಿ ಸಲಹಾ ಸಮಿತಿ ಕೂತು ನಿರ್ಧರಿಸುತ್ತದೆ. ಆಗಸ್ಟ್ ನಡುವಿನ ತನಕ ಜಲಾಶಯದಲ್ಲಿ ಎಷ್ಟು ಜಾಗ ಖಾಲಿ ಇರಬೇಕು ಎಂಬುದೂ ಅದೇ ಸಭೆಯಲ್ಲಿ, ಕೊಣ್ಣೂರಿನವರ ಎದುರಿಗೇ ತೀರ್ಮಾನವಾಗಲಿ. ಹಾಗೆ ಬಿಟ್ಟ ನೀರಿನಿಂದ ದಂಡೆಯ ಪಟ್ಟಾ ಜಮೀನಿನ ಬೆಳೆ ಹೋದರೆ ಪರಿಹಾರ ಎಕರೆಗೆ ಇಷ್ಟು ಎಂಬುದು ಮೊದಲೇ ಗೊತ್ತಿರಲಿ. ಖಾಲಿ ಬಿಟ್ಟ ಜಾಗ ತುಂಬದೇ ಹೋದ ವರ್ಷ ಕಾಲುವೆಯ ಕೊನೆಯ ರೈತನಿಗೆ ಪರಿಹಾರ ಎಷ್ಟು, ಯಾವ ಲೆಕ್ಕಶೀರ್ಷಿಕೆಯಿಂದ ಎಂಬುದೂ ಅದೇ ನಡಾವಳಿಯಲ್ಲಿ ಬರೆದಿರಬೇಕು. ಅಲ್ಲಿಯವರೆಗೆ ಆ ಎಂಜಿನಿಯರ್ ಗೇಟು ಮುಟ್ಟುವುದಿಲ್ಲ.