ಮನೆತನದ ಹೆಸರು

ಮದುವೆಯಾಗಿ ಬಂದ ಸೊಸೆ ತವರಿನ ಅಡ್ಡಹೆಸರನ್ನು ಬಿಡಲೇಬೇಕೇ ಎಂದು ಓದುಗ ತಾಯಿಯೊಬ್ಬರು ಕೇಳಿದ್ದಾರೆ. ಇಂಗ್ಲಿಷರ ‘ಸ್ಮಿತ್’ ಕಮ್ಮಾರಿಕೆಯಿಂದ ಬಂದ ಹೆಸರು. ನಮ್ಮ ‘ಹಿರೇಮಠ’ ಮಠದಿಂದ ಬಂದುದು. ಎರಡೂ ತಂದೆಯಿಂದ ಮಕ್ಕಳಿಗೆ ಇಳಿಯತಕ್ಕವು. ಘಟ್ಟದ ಕೆಳಗಿನ ರೀತಿಯೇ ಬೇರೆ. ಮೂಡುಬಿದಿರೆಯ ಚೌಟ, ಬೆಳ್ತಂಗಡಿ ಸೀಮೆಯ ವೇಣೂರಿನ ಅಜಿಲ, ಬಂಟವಾಳದ ನಂದಾವರದಲ್ಲಿ ನೆಲೆಸಿದ್ದ ಬಂಗ, ಇವೆಲ್ಲ ಜೈನ ಅರಸು ಮನೆತನಗಳು. ಅಳಿಯಸಂತಾನದ ಕಟ್ಟಿನಂತೆ ಅಲ್ಲಿ ಪಟ್ಟವೂ ಹೆಸರೂ ಸೋದರಮಾವನಿಂದ ಅಳಿಯನಿಗೆ ಸಲ್ಲುತ್ತಿದ್ದವು. 1604ರಲ್ಲಿ ವೇಣೂರಿನಲ್ಲಿ ಗೊಮ್ಮಟನನ್ನು ನಿಲ್ಲಿಸಿದ ತಿಮ್ಮಣ್ಣಾಜಿಲನನ್ನು ಅಲ್ಲಿನ ಶಾಸನವು ಪಾಂಡ್ಯಕದೇವಿಯ ಮಗನೆಂದು ಕರೆಯುತ್ತದೆ. ತಾಯಿಯ ಹೆಸರು ಕಲ್ಲಿನಲ್ಲಿ ನಿಂತಿತು! ಪೋರ್ಚುಗೀಸರನ್ನೆದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಚೌಟರ ಮಗಳು. ಬಂಗರಸನ ಕೈಹಿಡಿದರೂ ಆಕೆ ಚೌಟಳಾಗಿಯೇ ಉಳಿದು, ಉಳ್ಳಾಲದಲ್ಲೇ ರಾಜ್ಯವಾಳಿದಳು.