ಚೊಗರು ಹತ್ತಿದ ಕೈ, ಯಾರದೋ ರಿಮೋಟು

ಧಾರಾವಾಹಿ ಎಂದರೆ ಕೆಲಸವಿಲ್ಲದ ಹೆಂಗಸರ ಚಟ ಎಂದು ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸುವ ಗಂಡಸರನ್ನು ಸಾಕಷ್ಟು ನೋಡಿದ್ದೇನೆ. ಆ ಕೆಲಸವಿಲ್ಲದ ಹೆಂಗಸರು ಇರುವುದೆಲ್ಲಿ? ಅಡಿಕೆಯ ಕೊನೆಕೊಯ್ಲಿನ ದಿನಗಳಲ್ಲಿ ನಮ್ಮ ಹುಂಚದ ಸುತ್ತಿನ ಹಳ್ಳಿಗಳಿಗೆ ಬಂದು ನೋಡಿ. ಹಗಲೆಲ್ಲ ತೋಟದಲ್ಲಿ ಹೆಕ್ಕಿ, ಹೊತ್ತು, ಮನೆಗೆ ಹೋಗಿ ಅನ್ನಕ್ಕಿಟ್ಟು ಬಂದವರು ಕತ್ತಲಾಗುತ್ತಲೇ ಅಂಗಳದ ಚಪ್ಪರದಡಿ ಅಡಿಕೆ ಸುಲಿಯಲು ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಾರೆ. ಎದುರಿಗೆ ಜಗಲಿಯ ಮೇಲೆ ಟಿವಿ. ಕಣ್ಣು ಪರದೆಯ ಮೇಲೆ, ಬೆರಳು ಕತ್ತಿಯ ಅಲಗಿನ ಮೇಲೆ. ಕೂಲಿ ಸುಲಿದು ತುಂಬಿದ ಡಬ್ಬದ ಲೆಕ್ಕ. ನಾಯಕಿ ಅತ್ತರೆ ಇವರೂ ಅಳುತ್ತಾರೆ, ಆದರೆ ಕೈ ನಿಲ್ಲುವುದಿಲ್ಲ, ನಿಂತರೆ ಡಬ್ಬ ತುಂಬುವುದಿಲ್ಲ. ಅಡಿಕೆಯ ಚೊಗರು ಹತ್ತಿ ಬೆರಳ ತುದಿ, ಉಗುರಿನ ಸಂದಿ, ಅಂಗೈಯ ಗೆರೆ ಎಲ್ಲ ಕಪ್ಪು. ಹುಣಸೆಹುಳಿ ಹಾಕಿ ತಿಕ್ಕಿದರೂ ಸುಗ್ಗಿ ಮುಗಿಯುವ ತನಕ ಆ ಕಪ್ಪು ಬಿಡುವುದಿಲ್ಲ.

ನಾನು ಇವರ ಪಕ್ಕದಲ್ಲೇ ಕೂತು ಟಿವಿ ನೋಡುವವಳು. ಟಿವಿಯ ಅಭಿಮಾನಿ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪ್ರೀತಿ ಇರುವುದರಿಂದಲೇ ಈ ಸಿಟ್ಟು.

ಟಿಆರ್‌ಪಿಯವರ ವಾರ ಶನಿವಾರ ಶುರುವಾಗಿ ಶುಕ್ರವಾರ ಮುಗಿಯುತ್ತದೆ. ಈ ಸಲದ ಸುಗ್ಗಿಯಲ್ಲಿ ಅಂಥದೊಂದು ವಾರ ಪೂರ್ತಿ, ಸಂಜೆ ಆರೂವರೆಯಿಂದ ರಾತ್ರಿ ಹತ್ತರವರೆಗೆ ಬಂದದ್ದನ್ನೆಲ್ಲ ಚಪ್ಪರದಡಿ ಕೂತು ನೋಡಿದೆವು. ಏನು ನೋಡಿದೆವು? ಮಹಡಿ ಮನೆ. ರೇಷ್ಮೆ ಸೀರೆಯುಟ್ಟು ದೋಸೆ ಹೊಯ್ಯುವ ಸೊಸೆ. ಅವಳ ಕೈ ಹತ್ತಿರದಿಂದ ತೋರಿಸಿದರು: ಬಣ್ಣ ಹಚ್ಚಿದ ಉಗುರು, ಕೈತುಂಬ ಬಳೆ, ಒಂದು ಸುಟ್ಟ ಗುರುತೂ ಇಲ್ಲ. ಒಲೆಯ ಮುಂದೆ ಬದುಕು ಸವೆಸುವವಳ ಕೈಯೇ ಅದು? ಅವಳನ್ನು ಅತ್ತೆ ಹೊರಹಾಕಿದಳು, ಗಂಡ ಅನುಮಾನಿಸಿದ, ನಾದಿನಿ ಹಾಲಿಗೆ ಏನೋ ಬೆರೆಸಿದಳು. ಅವಳು ದೇವರ ಕೋಣೆಗೆ ಹೋಗಿ ಕೈಮುಗಿದು ನಿಂತಳು. ಚಾನೆಲ್ ಬದಲಾಯಿಸಿದರೆ ಬೇರೆ ಹೆಸರಿನ ಅದೇ ಸೊಸೆ, ಬೇರೆ ಬಣ್ಣದ ಅದೇ ಸೀರೆ. ವಾರದುದ್ದಕ್ಕೂ ಒಬ್ಬಳೂ ಕೂಲಿ ಕೇಳಲಿಲ್ಲ, ಒಬ್ಬಳೂ ಸಂಘದ ಸಾಲದ ಕಂತು ಕಟ್ಟಲಿಲ್ಲ, ಒಬ್ಬಳೂ ಬಸ್ಸಿಗೆ ಕಾಯಲಿಲ್ಲ. ಕೆಲಸದ ಹೆಂಗಸು ಮಾತ್ರ ಎಲ್ಲ ಮನೆಯಲ್ಲೂ ಇದ್ದಳು, ಕಾಫಿ ತಂದಿಟ್ಟು ಹೋಗಲು. ಅವಳಿಗೆ ಮನೆಯಿಲ್ಲ, ಮಕ್ಕಳಿಲ್ಲ, ಅವಳದೊಂದು ಕಥೆಯಿಲ್ಲ. ಚಪ್ಪರದಡಿ ಕೂತವರೆಲ್ಲ ಆ ಕೆಲಸದವಳೇ. ತಮಗೆ ಮಾತೇ ಕೊಡದ ಕಥೆಗೆ ಇವರು ಕಣ್ಣೀರು ಹಾಕುತ್ತಿದ್ದಾರೆ. ಇದಕ್ಕಿಂತ ದೊಡ್ಡ ವಂಚನೆ ಯಾವುದು?

ಹೆಣ್ಣು ಸಹಿಸಬೇಕು, ಸಹಿಸಿದರೆ ಕೊನೆಗೆ ಗೆಲ್ಲುತ್ತಾಳೆ. ಒಂದು ಸಾವಿರ ಕಂತು ಈ ಒಂದೇ ಪಾಠ. ಇದನ್ನು ಸಂಪ್ರದಾಯ ಎಂದು ನಮ್ಮ ಮೇಲೆ ಹೇರುತ್ತಾರೆ. ಯಾರ ಸಂಪ್ರದಾಯ? ನಮ್ಮೂರ ಪಂಚಕೂಟ ಬಸದಿಯನ್ನು ಕಟ್ಟಿಸಿದವಳು ಚಟ್ಟಲದೇವಿ, 1077ರಲ್ಲಿ. ತಂಗಿ ತೀರಿಕೊಂಡ ಮೇಲೆ ಅವಳ ನಾಲ್ವರು ಗಂಡುಮಕ್ಕಳನ್ನು ಸಾಕಿ ಬೆಳೆಸಿದ ಹೆಣ್ಣು. ಅಗಲಿದ ತನ್ನವರ ನೆನಪಿಗೆ ಕಲ್ಲಿನಲ್ಲಿ ಕಟ್ಟಿಸಿದ ಆ ಬಸದಿಗೆ ಉರ್ವೀತಿಲಕ ಎಂಬ ಹೆಸರು. ಅವಳು ಅರಮನೆಯವಳು, ನಮ್ಮ ಅಜ್ಜಿಯರು ಕಲ್ಲು ಹೊತ್ತವರು, ಅದು ಗೊತ್ತು. ಆದರೂ ಇಲ್ಲಿ ಆಳಿದ ಸಾಂತರರ ಕಾಲದ ಶಾಸನ ಒಬ್ಬ ಹೆಣ್ಣಿಗೆ ಕೊಟ್ಟ ಜಾಗವನ್ನು ಇಂದಿನ ಧಾರಾವಾಹಿ ಕೊಡಲಾರದು. ಪದ್ಮಾವತಿ ಅಮ್ಮನವರ ರಥೋತ್ಸವಕ್ಕೆ ಕ್ಯಾಮೆರಾ ಬರುತ್ತದೆ. ಚಟ್ಟಲದೇವಿಯನ್ನು ಕೇಳಿಕೊಂಡು ಬಂದ ಕಥೆಗಾರನನ್ನು ನಾನಂತೂ ಕಂಡಿಲ್ಲ.

ಒಳ್ಳೆಯದೇ ಬಂದಿಲ್ಲ ಎಂದರೆ ಅದು ಸುಳ್ಳಾಗುತ್ತದೆ. 1998ರಲ್ಲಿ ಟಿ.ಎನ್. ಸೀತಾರಾಂ ಅವರ ತಂಡ ಮಾಡಿದ 'ಮಾಯಾಮೃಗ'ಕ್ಕೆ ಊರೂರು ಕಾದು ಕೂತಿತ್ತು. 2021ರ ಡಿಸೆಂಬರಿನಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾದಾಗ ಹೆಣ್ಣು ಹೆತ್ತಳೆಂದು ಗಂಡ ಬಿಟ್ಟುಹೋದ ಪುಟ್ಟಕ್ಕ ಮೆಸ್ಸು ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವುದನ್ನು ಉಮಾಶ್ರೀ ಮೈತುಂಬಿಕೊಂಡು ಆಡಿದರು. ಸೊಂಟಕ್ಕೆ ಸೆರಗು ಸಿಕ್ಕಿಸಿ ದುಡಿಯುವ ಹೆಣ್ಣು ನಾಯಕಿಯಾದಳು, ನಾಡು ಅದನ್ನು ಮೊದಲ ಸ್ಥಾನದಲ್ಲಿ ಕೂರಿಸಿತು. 'ಭಾಗ್ಯಲಕ್ಷ್ಮಿ'ಯ ಭಾಗ್ಯ ಬೆಳೆದ ಮಗಳ ಜೊತೆ ಕೂತು ಎಸ್ಸೆಸ್ಸೆಲ್ಸಿ ಬರೆದಾಗ, ಅತ್ತೆ ಕುಸುಮ ಮಗನನ್ನು ಬಿಟ್ಟು ಸೊಸೆಯ ಪರ ನಿಂತಾಗ ನಮ್ಮ ಚಪ್ಪರದಲ್ಲಿ ಸಿಳ್ಳೆ ಬಿತ್ತು. ಜನ ಕೊಳಕನ್ನೇ ಕೇಳುತ್ತಾರೆ ಎನ್ನುವ ನಿರ್ಮಾಪಕರು ಇದಕ್ಕೇನು ಹೇಳುತ್ತಾರೆ? ಆಮೇಲೆ ಅದೇ ಪುಟ್ಟಕ್ಕನ ಮಗಳು ಸ್ನೇಹಾ, ಜಿಲ್ಲಾಧಿಕಾರಿಯಾದ ಹುಡುಗಿ, ಕಥೆಯಲ್ಲಿ ಸತ್ತಳು. ನಟಿ ಹೊರಟರೆ ಪಾತ್ರವನ್ನು ಏನಾದರೂ ಮಾಡಲೇಬೇಕು, ಒಪ್ಪುತ್ತೇನೆ. ವರ್ಗ ಮಾಡಿ ಬೀದರಿಗೆ ಕಳಿಸಬಹುದಿತ್ತು! ಓದಿ ಮೇಲೆ ಬಂದ ಮೆಸ್ಸಿನವಳ ಮಗಳನ್ನು ಕೊಂದೇ ತೀರಬೇಕಿತ್ತೇ?

2020ರ ಜುಲೈ ಮರೆಯುವ ಹಾಗಿಲ್ಲ. ಕೊರೊನಾ ಕಾಲ, ಶನಿವಾರ ಭಾನುವಾರದ ಸಂಜೆ, ಜೀ ಕನ್ನಡದಲ್ಲಿ ಅಂಬೇಡ್ಕರ್ ಬದುಕಿನ ಧಾರಾವಾಹಿ 'ಮಹಾನಾಯಕ'. ಶಾಲೆಯ ಹೊರಗೆ ಕೂರಿಸಲ್ಪಟ್ಟ ಬಾಲಕ ಭೀಮನನ್ನು ಕಂಡು ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಜನ ತಮ್ಮ ದುಡ್ಡಿನಲ್ಲಿ ಫ್ಲೆಕ್ಸ್ ಕಟ್ಟಿದರು. ಒಂದು ಧಾರಾವಾಹಿಗೆ ಕೇರಿಯ ಹುಡುಗರು ಚಂದಾ ಎತ್ತಿ ಬ್ಯಾನರ್ ಹಾಕಿದ್ದು ಅದಕ್ಕೆ ಮೊದಲು ಯಾರು ಕಂಡಿದ್ದರು? ಪ್ರಸಾರ ನಿಲ್ಲಿಸಿ ಎಂದು ಚಾನೆಲ್ಲಿನ ಮುಖ್ಯಸ್ಥ ರಾಘವೇಂದ್ರ ಹುಣಸೂರು ಅವರಿಗೆ ಬೆದರಿಕೆ ಕರೆಗಳು ಬಂದವು. ನಿಲ್ಲಿಸುವುದಿಲ್ಲ ಎಂದರು, ನಿಲ್ಲಿಸಲಿಲ್ಲ. ಅವರಿಗೆ ನನ್ನ ಸಲಾಮು. ಆದರೆ ಅದು ಹಿಂದಿಯಿಂದ ಡಬ್ ಆಗಿ ಬಂದದ್ದು. ಡಬ್ಬಿಂಗ್ ಬಂದರೆ ಕನ್ನಡದ ಸೃಜನಶೀಲತೆ ಸಾಯುತ್ತದೆ ಎಂದು ಅರ್ಧ ಶತಮಾನ ಅಡ್ಡ ನಿಂತವರು ಅಷ್ಟು ವರ್ಷ ಏನು ಸೃಷ್ಟಿಸುತ್ತಿದ್ದರು? ಅಂಬೇಡ್ಕರ್ ನಮ್ಮ ಜಗಲಿಗೆ ಬರಲು ಹಿಂದಿಯವರು ದಾರಿ ಮಾಡಿಕೊಡಬೇಕಾಯಿತು. ನಮ್ಮಲ್ಲೇ ಕಥೆ ಇರಲಿಲ್ಲವೇ? ನಮ್ಮ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಗದ್ದೆಗಿಳಿದು ಸತ್ಯಾಗ್ರಹ ಮಾಡಿದರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೇಣಿ ಮಾಡುತ್ತಿದ್ದ ದೀವರ ಹೆಂಗಸರು ಆ ಹೋರಾಟದ ಕಾಲವನ್ನು ಹೇಗೆ ತಾಳಿಕೊಂಡರು? 1964ರಲ್ಲಿ ಲಿಂಗನಮಕ್ಕಿಯ ಹಿನ್ನೀರು ಊರುಗಳನ್ನು ನುಂಗಿದಾಗ ಮನೆಯ ತೊಲೆ, ಕಂಬ ಕಿತ್ತು ಲಾರಿಗೆ ಹಾಕಿದವರ ಮಕ್ಕಳು ಎಲ್ಲಿದ್ದಾರೆ? ಕಥೆ ಬೇಕಾದವರಿಗೆ ಇಲ್ಲಿ ಬರವಿಲ್ಲ. ಆ ಶರಾವತಿಯ ಕರೆಂಟಿನಲ್ಲೇ ಸ್ಟುಡಿಯೋದ ದೀಪ ಉರಿಯುತ್ತದೆ, ನಮ್ಮ ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ದಿನಗಟ್ಟಲೆ ಕತ್ತಲು.

ಟಿವಿಯಲ್ಲಿ ಬೆಳಗಿನ ಹೊತ್ತು ಬರುವುದು ಇನ್ನೂ ಕೆಟ್ಟದು. ಏಳುತ್ತಲೇ ಪರದೆಯ ಮೇಲೆ ಜ್ಯೋತಿಷಿ. ಮಗಳ ಮದುವೆ ತಡವಾದರೆ ಕುಜದೋಷ, ಸಾಲ ತೀರದಿದ್ದರೆ ಶನಿ. ಮೂಢನಂಬಿಕೆಗೆ ಕುಮ್ಮಕ್ಕು ಕೊಡುವ ಕಾರ್ಯಕ್ರಮ ಕೂಡದು ಎಂದು 1994ರ ಕೇಬಲ್ ಟಿವಿ ನಿಯಮಗಳ 6ನೇ ನಿಯಮ ಬರೆದಿಟ್ಟಿದೆ. ಬರೆದಿಟ್ಟದ್ದು ಯಾರಿಗೆ? ಆ ಹೊತ್ತಿನಲ್ಲಿ ಹೇಳಬೇಕಾದದ್ದು ಬೇರೆಯೇ ಇದೆ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದು. 2019ರ ಹೊತ್ತಿಗೆ ಸಾಗರದ ಅರಳಗೋಡಿನಲ್ಲಿ ಅದು ಸಾಲುಸಾಲಾಗಿ ಜೀವ ತೆಗೆಯಿತು. ದರಗು ಗುಡಿಸಲು ಕಾಡಿಗೆ ಹೋಗುವ ಹೆಂಗಸಿಗೆ ಆ ಕಾಯಿಲೆ ತರುವ ಉಣುಗಿನಿಂದ ಮೈ ಕಾಯ್ದುಕೊಳ್ಳುವುದು ಹೇಗೆಂದು ದಿನಕ್ಕೆ ಐದು ನಿಮಿಷ ಹೇಳಬೇಕಾದ ಬೆಳಗಿನ ಹೊತ್ತನ್ನು ರಾಶಿಫಲಕ್ಕೆ ಮಾರಿಕೊಂಡವರು ನಮ್ಮ ಜೀವದ ಜೊತೆ ಆಡುತ್ತಿದ್ದಾರೆ.

ಜನ ನೋಡುತ್ತಾರೆ, ಅದಕ್ಕೇ ತೋರಿಸುತ್ತೇವೆ ಎನ್ನುತ್ತಾರೆ. ಯಾವ ಜನ? 2020ರ ಅಂದಾಜಿನಂತೆ ದೇಶದಲ್ಲಿ ಟಿವಿ ಇರುವ ಮನೆಗಳು 21 ಕೋಟಿ. ಟಿಆರ್‌ಪಿ ಅಳತೆಯ ಮೀಟರು ಕೂತದ್ದು 60,000ಕ್ಕೂ ಕಡಿಮೆ ಮನೆಗಳಲ್ಲಿ. ಆ ಮೀಟರಿನ ರಿಮೋಟಿನಲ್ಲಿ ಮನೆಯ ಒಬ್ಬೊಬ್ಬರಿಗೆ ಒಂದೊಂದು ಗುಂಡಿ. ಟಿವಿ ಮುಂದೆ ಕೂತಾಗ ಒತ್ತಬೇಕು. ಬೇರೆಯವರ ಅಂಗಳದಲ್ಲಿ ಅಡಿಕೆ ಸುಲಿಯುತ್ತ ನೋಡುವವಳು ಆ ಮನೆಯವಳಲ್ಲ, ಅವಳ ಹೆಸರಿನ ಗುಂಡಿ ಅಲ್ಲಿಲ್ಲ. ಗುರುವಾರ ಬರುವ ಅಂಕಿಗಳಲ್ಲಿ ಅವಳ ಕಣ್ಣೀರು ಸೇರಿಲ್ಲ, ಅವಳ ಸಿಳ್ಳೆಯೂ ಸೇರಿಲ್ಲ.

ಕಥೆ ಬರೆಯುವವರಲ್ಲಿ ನನ್ನದು ಬೇಡಿಕೆಯಲ್ಲ, ತಗಾದೆ. ಮುಂದಿನ ಸುಗ್ಗಿಯೊಳಗೆ ನಿಮ್ಮ ಯಾವುದಾದರೂ ಧಾರಾವಾಹಿಯಲ್ಲಿ ಚಪ್ಪರದಡಿಯ ಹೆಂಗಸೊಬ್ಬಳು ಕತ್ತಿಯಿಂದ ಎದ್ದು ಜಗಲಿಗೆ ಹೋಗಿ, ಡಬ್ಬಕ್ಕೆ ಇಷ್ಟು ಕೊಡದಿದ್ದರೆ ನಾಳೆಯಿಂದ ಯಾರೂ ಬರುವುದಿಲ್ಲ ಎಂದು ಹೇಳಲಿ. ಕ್ಯಾಮೆರಾ ಅವಳ ಕಪ್ಪು ಕೈಯನ್ನು ಹತ್ತಿರದಿಂದ ತೋರಿಸಲಿ. ಆ ಕಂತು ಬರುವ ದಿನ ಹುಂಚದ ಪೇಟೆಯಲ್ಲಿ ಫ್ಲೆಕ್ಸ್ ಕಟ್ಟುವ ದುಡ್ಡು ನಮ್ಮದು.