ಸ್ಪ್ರಿಂಗು ಕತ್ತರಿಸುವ ಮೊದಲು

ಧರ್ಮಪುರಿಯಿಂದ ಸೇಲಂ ಕಡೆಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಪ್ಪೂರು ಘಾಟಿ ಸಿಗುತ್ತದೆ. 2020ರ ಡಿಸೆಂಬರಿನಲ್ಲಿ ಸಿಮೆಂಟು ಹೇರಿದ್ದ ಲಾರಿಯೊಂದು ಈ ಇಳಿಜಾರಿನಲ್ಲಿ ಹತೋಟಿ ತಪ್ಪಿ ಮುಂದಿದ್ದ ವಾಹನಗಳ ಮೇಲೆ ನುಗ್ಗಿ ನಾಲ್ವರು ಸತ್ತರು. 2024ರ ಜನವರಿಯಲ್ಲಿ ಅದೇ ಘಾಟಿಯಲ್ಲಿ ಮತ್ತೆ ನಾಲ್ವರು. ಹೊಸೂರು, ಡೆಂಕಣಿಕೋಟೆಗಳ ಕನ್ನಡ ಮನೆಯವರು ಸೇಲಂಗೆ ಹೋಗುವ ದಾರಿಯೂ ಇದೇ. ಆ ಸೀಮೆ 1965ರ ತನಕ ಸೇಲಂ ಜಿಲ್ಲೆ, ಆಮೇಲೆ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಜಿಲ್ಲೆ ಎರಡು ಸಲ ಬದಲಾದರೂ ಅಲ್ಲಿನವರು ನಮ್ಮ ಹಾಗೆಯೇ ಭಾಷಾ ಅಲ್ಪಸಂಖ್ಯಾತರಾಗಿಯೇ ಉಳಿದರು. ಅಲ್ಲಿಗೆ ಓದಿಗೂ ಕಾರ್ಖಾನೆಯ ಕೆಲಸಕ್ಕೂ ಹೋಗುವ ಮಕ್ಕಳು ನಮ್ಮಲ್ಲಿಯೂ ಇದ್ದಾರೆ.

ಈ ಘಾಟಿಯ ಮಾತೆತ್ತಲು ಕಾರಣವಿದೆ. ಹಳೆಯ ಮಾರುತಿಯೊಂದನ್ನು ಅಗ್ಗಕ್ಕೆ ತಂದು, ಮೈ ಕಳಚಿ, ಪೈಪು ಬೆಸೆದು ಅಂಗಳದಲ್ಲೇ ರೇಸು ಕಾರು ಕಟ್ಟಬೇಕೆಂಬ ಹುಚ್ಚು ಕೆಲವು ಹುಡುಗರಿಗೆ ಹಿಡಿದಿದೆ. ಅಷ್ಟಕ್ಕೆ ಕೈಲಾಗದವರು ಮನೆಯ ಕಾರಿನ ಸ್ಪ್ರಿಂಗು ಕತ್ತರಿಸಿ ಅದನ್ನು ನೆಲಕ್ಕೆ ತಗ್ಗಿಸುತ್ತಾರೆ. ಹಿರಿಯರು ‘ಹುಡುಗ ಕೆಟ್ಟ’ ಎನ್ನುತ್ತಾರೆ. ನಮಗೆ ಹಾಗೆನಿಸುವುದಿಲ್ಲ. ಕಬ್ಬಿಣ ಮುಟ್ಟಿ ಕಲಿಯುವ ಹುಡುಗ ಕೆಡುವುದು ಕಡಿಮೆ. ಆದರೆ ಲೆಕ್ಕವಿಲ್ಲದೆ ಗರಗಸ ಹಿಡಿಯುವುದನ್ನು ಒಪ್ಪಲಾಗದು.

ಎಂಟು ಸುತ್ತಿನ ಸುರುಳಿ ಸ್ಪ್ರಿಂಗಿನಿಂದ ಎರಡು ಸುತ್ತು ಕತ್ತರಿಸಿದರೆ ಕಾರು ತಗ್ಗುವುದಷ್ಟೇ ಅಲ್ಲ, ಉಳಿದ ಸ್ಪ್ರಿಂಗು ಮೊದಲಿಗಿಂತ ಮೂರನೆಯ ಒಂದು ಪಾಲಿನಷ್ಟು ಗಡುಸಾಗುತ್ತದೆ. ಚಕ್ರ ಮೇಲೆ ಕೆಳಗೆ ಆಡುವ ಜಾಗವೂ ಕಿರಿದಾಗುತ್ತದೆ. ಹಳೆಯ ಸ್ಪ್ರಿಂಗಿಗೆ ತಕ್ಕಂತೆ ಮಾಡಿದ ಶಾಕ್ ಅಬ್ಸಾರ್ಬರು ಈ ಹೊಸ ಗಡುಸನ್ನು ಅಂಕೆಯಲ್ಲಿಡಲಾರದು. ಹೊಂಡ ಬಿದ್ದ ತಿರುವಿನಲ್ಲಿ ಚಕ್ರ ರಸ್ತೆ ಬಿಟ್ಟು ಹಾರುತ್ತದೆ; ಹಾರಿದ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ. ಗಡುಸಾದಷ್ಟೂ ರೇಸು ಕಾರು ಎಂಬ ನಂಬಿಕೆಯೇ ತಪ್ಪು. 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದರಿಂದ ಮೊದಲ ಕಾರು ಕಟ್ಟಿ ಮುಂದೆ ಲೋಟಸ್ ಕಂಪೆನಿ ಬೆಳೆಸಿದ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್, ಮೆತ್ತಗಿನ ಸ್ಪ್ರಿಂಗು, ಬಿಗಿಯಾದ ಶಾಕ್ ಅಬ್ಸಾರ್ಬರು, ಹಗುರ ಮೈ ಎಂಬ ದಾರಿ ಹಿಡಿದವನು.

ಹುಡುಗರನ್ನು ಬಯ್ಯುವ ದೊಡ್ಡವರು ಮಾತ್ರ ಏನು ಮಾಡುತ್ತಾರೆ? ಹೆಚ್ಚು ಹೊರೆ ಹೇರಲು ಲಾರಿಗೆ ಸ್ಪ್ರಿಂಗು ಪ್ಲೇಟು ಸೇರಿಸುವುದು ಊರೂರಿನ ರೂಢಿ. 1997ರ ತನಕ ಸೇಲಂ ಜಿಲ್ಲೆಯಲ್ಲೇ ಇದ್ದ ನಾಮಕ್ಕಲ್ ಲಾರಿಗಳ ತವರು, ಬಾಡಿ ಕಟ್ಟುವ ಕಸುಬಿಗೆ ಹೆಸರಾದ ಊರು. ನಮ್ಮ ಕಡೆಯ ಕೆಂಪುಕಲ್ಲಿನ ಲಾರಿಗಳನ್ನೂ ಓದುಗರು ನೋಡಿಯೇ ಇದ್ದಾರೆ. ಪ್ಲೇಟು ಸೇರಿಸಿದರೆ ಲಾರಿ ಕುಗ್ಗಿದಂತೆ ಕಾಣುವುದಿಲ್ಲ, ನಿಜ. ಬ್ರೇಕು ಮಾತ್ರ ಹಳೆಯದೇ. ಹೊರೆ ಸೇರಿದ ಒಟ್ಟು ತೂಕ ಕಾಲುಭಾಗ ಹೆಚ್ಚಿದರೆ ಅದೇ ಇಳಿಜಾರಿನಲ್ಲಿ ಬ್ರೇಕು ನುಂಗಬೇಕಾದ ಬಿಸಿಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ತೊಪ್ಪೂರಿನ ಆ ಎರಡು ಅಪಘಾತಗಳಿಗೆ ಪ್ಲೇಟೇ ಕಾರಣವೆಂದು ನಾವು ಹೇಳುತ್ತಿಲ್ಲ. ಘಾಟಿ ಯಾರ ತಪ್ಪು ಲೆಕ್ಕವನ್ನೂ ಮನ್ನಿಸುವುದಿಲ್ಲ ಎಂದಷ್ಟೇ ನಮ್ಮ ಮಾತು.

ಕಾನೂನು ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳ ತನಕ ಸೆರೆ, ಇಲ್ಲವೇ ಎರಡೂ ಆಗಬಹುದು. ಅಂಗಳದಲ್ಲಿ ಕಟ್ಟಿದ ಕಾರನ್ನು ರಸ್ತೆಗಿಳಿಸಲು ಸರಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಬೇಕು. ಅದು ಬಡ ಮೇಷ್ಟ್ರ ಮಗನ ಕೈಗೆ ಎಟಕುವಂಥದ್ದಲ್ಲ.

ಹಾಗಾದರೆ ಹುಡುಗ ಎಲ್ಲಿಗೆ ಹೋಗಬೇಕು? ಸೇಲಂನಿಂದ ಸುಮಾರು 160 ಕಿ.ಮೀ. ದೂರದ ಕೊಯಮತ್ತೂರಿಗೆ. ಅಲ್ಲಿನ ಕರಿವರ್ಧನ್ ಗಿರಣಿ ಮನೆತನದವರಾದರೂ ಕೈ ಮಸಿ ಮಾಡಿಕೊಂಡು ಕಾರು ಕಟ್ಟಿದರು. 1980ರ ದಶಕದಲ್ಲಿ ಮಾರುತಿ ಎಂಜಿನು ಬಳಸಿ ಸಣ್ಣ ರೇಸು ಕಾರು ರೂಪಿಸಿದರು. ಮುಂದೆ 2005ರಲ್ಲಿ ಫಾರ್ಮುಲಾ ಒನ್ ತಲುಪಿದ ನಾರಾಯಣ್ ಕಾರ್ತಿಕೇಯನ್ ಕೈ ಪಳಗಿಸಿಕೊಂಡದ್ದು ಆ ಬಗೆಯ ಕಾರಿನಲ್ಲಿ. 1995ರಲ್ಲಿ ತೀರಿಕೊಂಡ ಕರಿವರ್ಧನರ ಹೆಸರಿನಲ್ಲೇ ಅಲ್ಲೊಂದು ರೇಸು ಮೈದಾನವಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರು ತರುವ ‘ಫಾರ್ಮುಲಾ ಭಾರತ್’ ಸ್ಪರ್ಧೆ ನಡೆದಿರುವುದೂ ಅಲ್ಲಿಯೇ. ಅಲ್ಲಿ ಕಾರು ಓಡಿದರೆ ಸಾಲದು. ಇದೇ ಸ್ಪ್ರಿಂಗು ಏಕೆ ಎಂದು ತೀರ್ಪುಗಾರರು ಕೇಳುತ್ತಾರೆ.

ಆ ‘ಏಕೆ’ಯ ಎದುರಿನಲ್ಲಿಯೇ ನಮ್ಮ ಮಕ್ಕಳು ತಡವರಿಸುವುದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನಿಗೆ ಕೈ ಓಡುತ್ತದೆ, ಇಂಗ್ಲಿಷು ಓಡುವುದಿಲ್ಲ. ಇದಕ್ಕೆ ಕನ್ನಡವನ್ನು ದೂರುವವರುಂಟು. ಸ್ಪ್ರಿಂಗಿನ ನಿಯಮವನ್ನು ಕನ್ನಡದಲ್ಲಿ ಬಾಯಿಪಾಠ ಮಾಡಿಸಿ, ಸ್ಪ್ರಿಂಗನ್ನು ಮಾತ್ರ ತೋರಿಸದ ನಮ್ಮಂಥ ಶಾಲೆಗಳನ್ನು ದೂರಿದರೆ ಹೆಚ್ಚು ನ್ಯಾಯ. ತಾಯ್ನುಡಿಯಲ್ಲಿ ಒಮ್ಮೆ ಅರ್ಥವಾದ ಲೆಕ್ಕವನ್ನು ಬೇರೆ ನುಡಿಯಲ್ಲಿ ಹೇಳುವುದು ಒಂದು ವರ್ಷದ ಕೆಲಸ. ಅರ್ಥವೇ ಆಗದಿದ್ದರೆ ಯಾವ ಮಾಧ್ಯಮವೂ ಸಹಾಯಕ್ಕೆ ಬರದು.

ಇದಕ್ಕೆ ಸರಕಾರದ ಆಜ್ಞೆ ಕಾಯಬೇಕಾಗಿಲ್ಲ. ಪೇಟೆಯ ಯಾವುದೇ ಗ್ಯಾರೇಜಿನ ಮೂಲೆಯಲ್ಲಿ ಮುರಿದ ಪ್ಲೇಟು, ಹಳೆಯ ಸುರುಳಿ ಬಿದ್ದಿರುತ್ತವೆ. ಕೇಳಿದರೆ ಮೇಸ್ತ್ರಿಗಳು ಪುಕ್ಕಟೆ ಕೊಟ್ಟಾರು. ಸುರುಳಿಯ ಮೇಲೆ ಹತ್ತು ಕಿಲೋದ ಕಲ್ಲುಗಳನ್ನು ಒಂದೊಂದಾಗಿ ಏರಿಸಿ, ಕುಗ್ಗಿದ್ದನ್ನು ಅಡ್ಡಪಟ್ಟಿಯಿಂದ ಅಳೆದು, ಎರಡು ಸುತ್ತು ಕತ್ತರಿಸಿ ಮತ್ತೆ ಅಳೆಯಲಿ. ಈ ವರ್ಷದ ವಿಜ್ಞಾನ ಮೇಳಕ್ಕೆ ನಮ್ಮ ಕನ್ನಡ ಶಾಲೆಗಳು ಥರ್ಮೋಕೋಲಿನ ಜ್ವಾಲಾಮುಖಿಯ ಬದಲು ಇದನ್ನೊಯ್ಯಲಿ. ಗ್ಯಾರೇಜಿನ ಮೇಸ್ತ್ರಿಯನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಲಿ.